ಪುಟ್ಟಣ್ಣನವರ ಚಿತ್ರಗಳೂ ನಮ್ಮ ಭಿನ್ನಾಭಿಪ್ರಾಯಗಳೂ

ಅಡ್ಯಾರಿನ ಗಾಂಧಿನಗರ, ಇಂದಿರಾನಗರ, ಶಾಸ್ತ್ರಿನಗರಗಳಲ್ಲಿ ಬಹುಕಾಲದಿಂದ ನೆಲೆಸಿರುವ ಕೆಲವು ಕನ್ನಡ ಕುಟುಂಬಗಳವರು ಈಚೆಗೆ ಒಂದು ಭಾನುವಾರ ಒಬ್ಬರ ಮನೆಯ ಹಜಾರದಲ್ಲಿ ಕೂಡಿ, ಪುಟ್ಟಣ್ಣ ಕಣಗಾಲರು 1971ರಲ್ಲಿ ತೆರೆಗೆ ತಂದ ‘ಶರಪಂಜರ’ ಚಿತ್ರವನ್ನು ವೀಕ್ಷಿಸಿದರು. ನಾವೂ ಆಹ್ವಾನಿತರಾಗಿ ಹೋಗಿದ್ದೆವು. ಚಿತ್ರ ಮುಗಿದು ಕಾಫಿಯ ಲೋಟಗಳು ಕೈಗೆ ಬಂದಾಗ, ಹಿರಿಯರನೇಕರ ಕಣ್ಣುಗಳು ಇನ್ನೂ ಒದ್ದೆಯಾಗಿದ್ದುವು. ಆಗ ಕಾಲೇಜಿನಲ್ಲಿ ಓದುತ್ತಿರುವ, ಇದೇ ಊರಿನಲ್ಲಿ ಹುಟ್ಟಿ ಬೆಳೆದ ಒಬ್ಬ ಹುಡುಗಿ, ತಡವರಿಸುವ ಕನ್ನಡದಲ್ಲಿ, “ಕಾವೇರಿಯನ್ನು ಇಷ್ಟೊಂದು ಅಳಿಸಿದ ಮೇಲೆ ಕೊನೆಗಾದರೂ ಅವಳನ್ನು ನೆಮ್ಮದಿಯಾಗಿ ಬದುಕಲು ಬಿಡಬಾರದಿತ್ತೆ, ತಾತ? ಹೆಂಗಸರ ಮೇಲೆ ಇಷ್ಟು ಕರುಣೆಯಿರುವ ನಿರ್ದೇಶಕರು ಹೆಂಗಸರನ್ನು ಏಕೆ ಗೆಲ್ಲಿಸುವುದಿಲ್ಲ?” ಎಂದು ಕೇಳಿದಳು.

ಹಿರಿಯರೊಬ್ಬರಿಗೆ ಈ ಮಾತು ನಾಟಿತು. “ಮಗು, ಪುಟ್ಟಣ್ಣನವರ ಚಿತ್ರವನ್ನು ನೋಡಿ ಹೀಗೆ ಮಾತನಾಡಬಾರದಮ್ಮ. ಪರನಾಡಿನಲ್ಲಿದ್ದುಕೊಂಡು ನಮ್ಮವರನ್ನು ನಾವೇ ಹಳಿದರೆ ಮಿಕ್ಕವರು ಏನೆಂದುಕೊಂಡಾರು?” ಎಂದರು. ಹುಡುಗಿ ಉತ್ತರ ಹೇಳತೊಡಗಿದಳು. ಮೊದಲೆರಡು ಮಾತು ಕನ್ನಡದಲ್ಲಿ ಬಂದುವು, ಮೂರನೆಯದು ಇಂಗ್ಲಿಷಿಗೆ ಹೊರಳಿತು, ನಾಲ್ಕನೆಯದು ಬರಲೇ ಇಲ್ಲ. ಮಾತು ಸಂಚಾರದ ದಟ್ಟಣೆಗೂ ತರಕಾರಿಯ ಬೆಲೆಗೂ ತಿರುಗಿತು. ಅಂದು ನಾವೂ ಬಾಯಿ ತೆರೆಯಲಿಲ್ಲವೆಂಬುದನ್ನು ಸಂಕೋಚದಿಂದಲೇ ಒಪ್ಪಿಕೊಳ್ಳುತ್ತೇವೆ. ಅಂದು ಆಡದೆ ಉಳಿದ ಮಾತನ್ನು ಇಂದು ವಾಚಕ ಮಹಾಶಯರ ಮುಂದೆ ಇಡುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ಮೊದಲಿಗೆ ಆ ಹಿರಿಯರ ನೋವನ್ನು ಅರಿಯುವುದು ನ್ಯಾಯ. ಹೊರನಾಡಿನಲ್ಲಿ ನೆಲೆಸಿದ ಕನ್ನಡಿಗನಿಗೆ ತನ್ನದೆಂದು ತೋರಿಸಿಕೊಳ್ಳಲು ಇರುವ ವಸ್ತುಗಳು ಕೆಲವೇ. ನೆರೆಯವರ ಭಾಷೆ ಪ್ರಾಚೀನವಾದುದು, ಅವರ ಚಿತ್ರೋದ್ಯಮ ದೊಡ್ಡದು, ಅವರ ನಟರ ಹೆಸರು ನಾಡಿನಾಚೆಗೂ ಹಬ್ಬಿದುದು. ಇವುಗಳ ನಡುವೆ ನಿಂತು “ನಮ್ಮಲ್ಲಿಯೂ ಒಬ್ಬರಿದ್ದರು” ಎಂದು ಹೇಳಲು ಪುಟ್ಟಣ್ಣನವರ ಹೆಸರು ಎಷ್ಟೋ ಮಂದಿಗೆ ಆಸರೆಯಾಗಿದೆ. ಆ ಹೆಸರಿಗೆ ತಗುಲಿದ ಮಾತು ತಮಗೇ ತಗುಲಿದಂತೆ ಅವರಿಗೆ ತೋರುವುದು ಸಹಜ. ಈ ಅಭಿಮಾನವನ್ನು ಲಘುವಾಗಿ ಕಾಣುವವರ ಪಂಗಡಕ್ಕೆ ನಾವು ಸೇರಿದವರಲ್ಲ.

ಆದರೆ ಅಭಿಮಾನದ ಹೆಸರಿನಲ್ಲಿ ನಾವು ಪುಟ್ಟಣ್ಣನವರ ಚರಿತ್ರೆಯನ್ನೇ ಮರೆಯುತ್ತಿದ್ದೇವೆಯೇ ಎಂಬ ಶಂಕೆ ನಮಗಿದೆ. ಕನ್ನಡದ ಮೊದಲನೆಯ ವಾಕ್ಚಿತ್ರವಾದ 1934ರ ‘ಸತಿ ಸುಲೋಚನ’ ತಯಾರಾದುದು ಕೊಲ್ಲಾಪುರದಲ್ಲಿ. ಅನಂತರದ ಹಲವು ದಶಕಗಳ ಕಾಲ ಕನ್ನಡ ಚಿತ್ರಗಳಲ್ಲಿ ಬಹುಪಾಲು ಈ ಮದರಾಸಿನ ಸ್ಟುಡಿಯೋಗಳಲ್ಲಿಯೇ ರೂಪುಗೊಂಡುವು. 1933ರಲ್ಲಿ ಪಿರಿಯಾಪಟ್ಟಣ ತಾಲ್ಲೂಕಿನ ಕಣಗಾಲಿನಲ್ಲಿ ಜನಿಸಿದ ಪುಟ್ಟಣ್ಣನವರು ಚಿತ್ರವಿದ್ಯೆಯನ್ನು ಅಭ್ಯಾಸ ಮಾಡಿದುದು ಬಿ. ಆರ್. ಪಂತುಲು ಅವರ ಬಳಿ, ಇದೇ ಊರಿನಲ್ಲಿ. ಅವರು ಸ್ವತಂತ್ರ ನಿರ್ದೇಶಕರಾಗಿ ಮೊದಲು ಕೈಹಾಕಿದುದು ಮಲೆಯಾಳಕ್ಕೆ: ಪಂತುಲು ಅವರ 1958ರ ‘ಸ್ಕೂಲ್ ಮಾಸ್ಟರ್’ ಚಿತ್ರವನ್ನು 1964ರಲ್ಲಿ ಆ ಭಾಷೆಯಲ್ಲಿ ನಿರ್ದೇಶಿಸಿದರು. ‘ಬೆಳ್ಳಿಮೋಡ’ದ ಮೂಲಕ ಅವರು ಕನ್ನಡಕ್ಕೆ ನಿರ್ದೇಶಕರಾಗಿ ಬಂದುದು 1967ರಲ್ಲಿ. ಮುಂದೆ ತಮಿಳು, ತೆಲುಗು, ಹಿಂದಿಗಳಲ್ಲಿಯೂ ಅವರು ಕೆಲಸ ಮಾಡಿದರು. ತಮಿಳರು ತಮ್ಮ ಹಳ್ಳಿಯನ್ನು ತೆರೆಗೆ ತಂದವರೆಂದು ಗೌರವಿಸುವ ಭಾರತಿರಾಜಾ ಅವರು, 1977ರಲ್ಲಿ ‘ಪದಿನಾರು ವಯದಿನಿಲೆ’ಯನ್ನು ನಿರ್ದೇಶಿಸುವುದಕ್ಕೆ ಮುಂಚೆ, ಪುಟ್ಟಣ್ಣನವರ ಬಳಿ ಸಹಾಯಕರಾಗಿ ದುಡಿದವರು. ಇಂತಹ ಕೊಡುಕೊಳ್ಳುವಿಕೆಯಲ್ಲಿ ಬೆಳೆದ ಕಲಾವಿದನನ್ನು, “ನಮ್ಮವನು, ಆದಕಾರಣ ಪ್ರಶ್ನಾತೀತನು” ಎಂದು ಬೇಲಿ ಹಾಕಿ ಕಾಯುವುದು ಆತನಿಗೆ ಸಲ್ಲಿಸುವ ಗೌರವವೆಂದು ನಮಗೆ ತೋರುವುದಿಲ್ಲ.

ಅಲ್ಲದೆ, ಪುಟ್ಟಣ್ಣನವರನ್ನು ಕುರಿತ ಭಿನ್ನಾಭಿಪ್ರಾಯ ಈ ಅಡ್ಯಾರಿನ ಹುಡುಗಿಯಿಂದ ಆರಂಭವಾದುದಲ್ಲ. ಅವರು ಬದುಕಿದ್ದಾಗಲೇ ಅದು ಕನ್ನಡನಾಡಿನಲ್ಲಿ ಬಿಸಿಯಾಗಿ ನಡೆದಿತ್ತು. ತ. ರಾ. ಸುಬ್ಬರಾಯರ ಮೂರು ಕಾದಂಬರಿಗಳನ್ನು ಕೂಡಿಸಿ 1972ರಲ್ಲಿ ‘ನಾಗರಹಾವು’ ಬಂದಾಗ ಜನ ಚಿತ್ರಮಂದಿರಗಳಿಗೆ ಮುಗಿಬಿದ್ದರು. ವಿಷ್ಣುವರ್ಧನ್ ನಾಯಕನಟರಾಗಿ ಬೆಳಕಿಗೆ ಬಂದರು. ಚಾಮಯ್ಯ ಮೇಷ್ಟರಾಗಿ ಅಶ್ವತ್ಥರು ಮನೆಮಾತಾದರು. ಆದರೆ ಕಾದಂಬರಿಕಾರರಿಗೆ ಆ ಚಿತ್ರ ಒಪ್ಪಿಗೆಯಾಗಲಿಲ್ಲ. ತಮ್ಮ ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರೆಂದು ತ.ರಾ.ಸು. ಅವರು ಮುನಿದ ಸಂಗತಿ ಚಿತ್ರರಸಿಕರ ಬಾಯಲ್ಲಿ ಇಂದಿಗೂ ಉಳಿದಿದೆ. ಹಾಗೆ ಮುನಿದುದರಿಂದ ಅವರು ಕನ್ನಡದ್ರೋಹಿಗಳೆಂದು ಯಾರೂ ಹೇಳಲಿಲ್ಲ. ಜನ ಚಿತ್ರವನ್ನೂ ನೋಡಿದರು, ಕಾದಂಬರಿಯನ್ನೂ ಓದಿದರು, ಎರಡನ್ನೂ ಎದುರೆದುರಿಗಿಟ್ಟು ವಾದಿಸಿದರು. ತ್ರಿವೇಣಿಯವರಿಗಾದರೋ ಅಂತಹ ಮಾತನ್ನಾಡುವ ಅವಕಾಶವೇ ದೊರೆಯಲಿಲ್ಲ. ಅವರು 1963ರಲ್ಲಿಯೇ ತೀರಿಕೊಂಡಿದ್ದರು. ‘ಬೆಳ್ಳಿಮೋಡ’ವನ್ನೂ ‘ಶರಪಂಜರ’ವನ್ನೂ ಕಂಡು ಅವರು ಏನೆನ್ನುತ್ತಿದ್ದರೆಂಬುದನ್ನು ಈಗ ಅವರ ಕಾದಂಬರಿಗಳನ್ನು ಓದಿದವರೇ ಊಹಿಸಿಕೊಳ್ಳಬೇಕಾಗಿದೆ.

ಮತ್ತೊಂದು ಬಗೆಯ ಆಕ್ಷೇಪ ಹೊಸ ಅಲೆಯ ಚಿತ್ರಗಳನ್ನು ಮೆಚ್ಚಿದವರಿಂದ ಬಂದಿತು. 1970ರಲ್ಲಿ ಪಟ್ಟಾಭಿರಾಮ ರೆಡ್ಡಿಯವರ ‘ಸಂಸ್ಕಾರ’, 1971ರಲ್ಲಿ ‘ವಂಶವೃಕ್ಷ’, 1975ರಲ್ಲಿ ‘ಚೋಮನ ದುಡಿ’, 1977ರಲ್ಲಿ ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’, ಹೀಗೆ ಒಂದರ ಹಿಂದೊಂದರಂತೆ ಬಂದ ಚಿತ್ರಗಳನ್ನು ನೋಡಿದವರ ಕಣ್ಣಿಗೆ ಪುಟ್ಟಣ್ಣನವರ ಚಿತ್ರಗಳಲ್ಲಿ ಭಾವಾವೇಶ ಹೆಚ್ಚಾಯಿತೆಂದೂ, ಹಾಡುಗಳು ಕಥೆಯ ಓಟವನ್ನು ತಡೆಯುತ್ತವೆಂದೂ, ಸಂಕೇತಗಳನ್ನು ಬೆರಳು ಮಾಡಿ ತೋರಿಸಲಾಗುತ್ತದೆಂದೂ ತೋರಿತು. ಕಲ್ಪನಾ ಅವರ ಅಭಿನಯವನ್ನು ಅತಿಯೆಂದವರೂ ಉಂಟು. ಪುಟ್ಟಣ್ಣನವರ ಪಕ್ಷದವರು ಇದಕ್ಕೆ ಉತ್ತರವಾಗಿ, ಹೊಸ ಅಲೆಯ ಚಿತ್ರಗಳನ್ನು ನೋಡಿದವರು ಕೆಲವರಾದರೆ ಪುಟ್ಟಣ್ಣನವರ ಚಿತ್ರಗಳನ್ನು ನೋಡಿದವರು ನಾಡಿಗೆ ನಾಡೇ ಎಂದರು. ಗ್ರಂಥಾಲಯದ ಮೆಟ್ಟಿಲು ಹತ್ತದ ಗೃಹಿಣಿಗೂ ತ್ರಿವೇಣಿ, ಎಂ. ಕೆ. ಇಂದಿರಾ, ಭಾರತೀಸುತರ ಹೆಸರುಗಳನ್ನು ಪರಿಚಯ ಮಾಡಿಸಿದವರು ಅವರೇ ಎಂದರು. ಎರಡು ಮಾತುಗಳಲ್ಲಿಯೂ ಸತ್ಯಾಂಶವಿದೆ. ಎರಡು ದಡಗಳ ನಡುವಣ ಸೇತುವೆಯೆಂದು ಅವರನ್ನು ಕರೆಯುವ ವಾಡಿಕೆ ಈ ಚರ್ಚೆಯಿಂದಲೇ ಬಂದುದು. ಆದರೆ ಸೇತುವೆಯಿರುವುದು ದಾಟುವುದಕ್ಕೆ. ‘ಸೇತುವೆ’ ಎಂದು ಹೊಗಳಿ ಈಚೆಯ ದಡದಲ್ಲಿಯೇ ಕುಳಿತುಬಿಟ್ಟರೆ ಏನು ಪ್ರಯೋಜನವೆಂಬುದನ್ನು ನದಿಯ ದಂಡೆಯಲ್ಲಿ ವಾಸಿಸುವ ಅಡ್ಯಾರಿನವರಿಗೆ ನಾವು ವಿವರಿಸಬೇಕಾಗಿಲ್ಲ.

ಮೂರನೆಯದು ಆ ಹುಡುಗಿ ಎತ್ತಿದ ಪ್ರಶ್ನೆ. ನಮ್ಮ ಮಟ್ಟಿಗೆ ಎಲ್ಲಕ್ಕಿಂತ ಗಹನವಾದುದೂ ಅದೇ. ಇದಕ್ಕೆ ಒಂದೇ ಮಾತಿನ ತೀರ್ಪು ಸಾಲದೆಂದೂ, ಚಿತ್ರ ಚಿತ್ರಕ್ಕೆ ಉತ್ತರ ಬೇರೆಯಾಗುತ್ತದೆಂದೂ ನಾವು ನಂಬುತ್ತೇವೆ. ‘ಬೆಳ್ಳಿಮೋಡ’ದ ಇಂದಿರೆಯನ್ನು ನೋಡಬಹುದು. ಆಸ್ತಿಗೆ ಅವಳೊಬ್ಬಳೇ ವಾರಸುದಾರಳೆಂದು ತಿಳಿದು ಅವಳನ್ನು ಒಪ್ಪಿದ ಮೋಹನ, ಅವಳಿಗೆ ತಮ್ಮನು ಹುಟ್ಟಿದನೆಂದು ಅರಿತ ಮೇಲೆ ಅವಳನ್ನು ತೊರೆಯುತ್ತಾನೆ. ಮುಂದೆ ಗಾಯಗೊಂಡು ಮಲಗಿದವನನ್ನು ಅವಳೇ ಉಪಚರಿಸುತ್ತಾಳೆ. ಅವನು ಪಶ್ಚಾತ್ತಾಪಪಟ್ಟು ಮದುವೆಯ ಮಾತೆತ್ತಿದಾಗ ಅವಳು ಒಲ್ಲೆನೆನ್ನುತ್ತಾಳೆ. ಸೇವೆ ಮಾಡಿದ ಹೆಣ್ಣು ಕೊನೆಗೆ ಕೊರಳೊಡ್ಡಲೇಬೇಕೆಂಬುದು ಆ ಕಾಲದ ಚಿತ್ರಗಳ ರೂಢಿಯಾಗಿದ್ದಿತು. 1967ರಲ್ಲಿ ನಾಯಕಿಯ ಬಾಯಿಂದ ಆ ನಿರಾಕರಣೆಯನ್ನು ನುಡಿಸಿದುದು ಸಾಮಾನ್ಯ ಸಾಹಸವಲ್ಲ. ಇಲ್ಲಿ ಹುಡುಗಿಯ ಆಕ್ಷೇಪ ನಿಲ್ಲಲಾರದು.

‘ಶರಪಂಜರ’ದಲ್ಲಿ ಕಾವೇರಿ ಬಾಣಂತಿತನದ ಅನಂತರ ಮನೋರೋಗಕ್ಕೆ ಗುರಿಯಾಗಿ, ಚಿಕಿತ್ಸೆ ಪಡೆದು, ಗುಣವಾಗಿ ಮನೆಗೆ ಮರಳುತ್ತಾಳೆ. ಮನೆಯವರೂ ನೆರೆಹೊರೆಯವರೂ ಅವಳನ್ನು ‘ಹುಚ್ಚಿ’ಯೆಂಬ ಕಣ್ಣಿನಿಂದಲೇ ನೋಡುತ್ತಾರೆ. ಅವಳು ನಕ್ಕರೆ ಅನುಮಾನ, ಅತ್ತರೆ ಅನುಮಾನ, ಸುಮ್ಮನಿದ್ದರೂ ಅನುಮಾನ. ಗಂಡನ ಮನಸ್ಸು ಬೇರೆಡೆಗೆ ಹರಿದಿರುತ್ತದೆ. ಅವಳು ಮತ್ತೆ ಆಸ್ಪತ್ರೆಗೇ ಹಿಂದಿರುಗುವುದರೊಂದಿಗೆ ಚಿತ್ರ ಮುಗಿಯುತ್ತದೆ. ಇದು ಕಾವೇರಿಗೆ ವಿಧಿಸಿದ ಶಿಕ್ಷೆಯೋ, ಅವಳನ್ನು ಅಲ್ಲಿಗೆ ನೂಕಿದವರ ಮೇಲೆ ಹೊರಿಸಿದ ಆರೋಪವೋ? ಆರೋಪವೆಂದೇ ನಾವು ಓದುತ್ತೇವೆ. ಅವಳನ್ನು ಸುಖವಾಗಿಟ್ಟು ಕಥೆ ಮುಗಿಸಿದ್ದರೆ ಪ್ರೇಕ್ಷಕರು ಸಮಾಧಾನದಿಂದ ಮನೆಗೆ ಹೋಗಿ, ಗುಣವಾಗಿ ಬಂದ ತಮ್ಮ ಮನೆಯ ರೋಗಿಯನ್ನು ಎಂದಿನಂತೆಯೇ ನಡೆಸಿಕೊಳ್ಳುತ್ತಿದ್ದರು. ಆದರೂ ಅಳುವಿನ ಪ್ರಮಾಣ ಹೆಚ್ಚಾಯಿತೆಂಬ ಹುಡುಗಿಯ ಮಾತನ್ನು ನಾವು ತಳ್ಳಿಹಾಕಲಾರೆವು. ನೋವನ್ನು ತೋರಿಸುವ ಕೈ ಕೆಲವೆಡೆ ನೋವನ್ನು ಸವಿಯುವ ಕೈಯೂ ಆಗುತ್ತದೆ.

‘ಗೆಜ್ಜೆಪೂಜೆ’ (1969) ಮತ್ತು ‘ಎಡಕಲ್ಲು ಗುಡ್ಡದ ಮೇಲೆ’ (1973) ಚಿತ್ರಗಳಿಗೆ ಬಂದರೆ ಹುಡುಗಿಯ ಪಕ್ಷ ಇನ್ನಷ್ಟು ಬಲವಾಗುತ್ತದೆ. ವೇಶ್ಯೆಯ ಮಗಳಾಗಿ ಹುಟ್ಟಿ ಗೃಹಿಣಿಯಾಗಬೇಕೆಂದು ಹಂಬಲಿಸಿದ ಚಂದ್ರಾಳಿಗೆ ಸಾವೇ ಬಿಡುಗಡೆ. ದೇಹಕ್ಕಾದ ಆಘಾತದಿಂದ ದಾಂಪತ್ಯಸುಖಕ್ಕೆ ಎರವಾದ ಪತಿಯ ಮಡದಿ ಮಾಧವಿಯ ಒಳಗುದಿಯನ್ನು ಎಡಕಲ್ಲಿನ ಚಿತ್ರ ಅಪೂರ್ವ ಧೈರ್ಯದಿಂದ ತೆರೆಯ ಮೇಲಿಡುತ್ತದೆ. ಜಯಂತಿಯವರು ಆ ಪಾತ್ರಕ್ಕೆ ಜೀವ ತುಂಬಿದ್ದಾರೆ. ಆದರೆ ಬಯಕೆಯನ್ನು ಅಷ್ಟು ಸಹಾನುಭೂತಿಯಿಂದ ಅರ್ಥಮಾಡಿಕೊಂಡ ಚಿತ್ರವೇ ಕೊನೆಗೆ ಮಾಧವಿಗೂ ಸಾವನ್ನೇ ಕೊಡುತ್ತದೆ. ಬಾಗಿಲನ್ನು ತೆರೆದವರು, ಒಳಗೆ ಕಂಡುದಕ್ಕೆ ತಾವೇ ಬೆದರಿ ಅದನ್ನು ಮತ್ತೆ ಮುಚ್ಚಿದಂತೆ ನಮಗೆ ತೋರುತ್ತದೆ. ಕಾದಂಬರಿಯ ಕಟ್ಟಿಗೂ ಕಾಲದ ಕಟ್ಟಿಗೂ ಒಳಗಾಗಿ ಹಾಗೆ ಮಾಡಿದರೆನ್ನಬಹುದು. ಹಾಗೆಂದ ಮಾತ್ರಕ್ಕೆ ಪ್ರಶ್ನೆ ಇಲ್ಲವಾಗುವುದಿಲ್ಲ.

ಇದೇ ಸಂದರ್ಭದಲ್ಲಿ ಒಂದು ಹೋಲಿಕೆಯನ್ನು ಸೂಚಿಸಬಯಸುತ್ತೇವೆ. ‘ಗೆಜ್ಜೆಪೂಜೆ’ಯ ಲೇಖಕಿ ಎಂ. ಕೆ. ಇಂದಿರಾ ಅವರದೇ ಇನ್ನೊಂದು ಕಾದಂಬರಿ ‘ಫಣಿಯಮ್ಮ’ವನ್ನು 1983ರಲ್ಲಿ ಪ್ರೇಮಾ ಕಾರಂತರು ತೆರೆಗೆ ತಂದರು. ಬಾಲ್ಯದಲ್ಲಿಯೇ ವಿಧವೆಯಾಗಿ ತಲೆ ಬೋಳಿಸಿಕೊಂಡ ಫಣಿಯಮ್ಮ ಆ ಚಿತ್ರದಲ್ಲಿ ಕಣ್ಣೀರಿನ ಹೊಳೆ ಹರಿಸುವುದಿಲ್ಲ. ಅವಳು ಮೌನವಾಗಿ ಬಾಳುತ್ತಾಳೆ. ಮುಪ್ಪಿನಲ್ಲಿ ಮತ್ತೊಬ್ಬ ಎಳೆಯ ವಿಧವೆ ಅದೇ ಕ್ಷೌರಕ್ಕೆ ತಲೆಯೊಡ್ಡಲಾರೆನೆಂದಾಗ ಅವಳ ಪರವಾಗಿ ನಿಲ್ಲುತ್ತಾಳೆ. ಒಬ್ಬಳೇ ಲೇಖಕಿ, ಇಬ್ಬರು ನಿರ್ದೇಶಕರು, ಎರಡು ದೃಷ್ಟಿಗಳು. ಇವೆರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದವರಿಗೆ ಪುಟ್ಟಣ್ಣನವರ ಸಾಮರ್ಥ್ಯವೂ ಅವರ ಎಲ್ಲೆಯೂ ಒಟ್ಟಿಗೆ ಗೋಚರವಾಗುತ್ತವೆ. ಹೀಗೆ ನೋಡುವುದರಿಂದ ಅವರ ಕೀರ್ತಿಗೆ ಕುಂದು ಬರುವುದೆಂದು ನಾವು ತಿಳಿಯುವುದಿಲ್ಲ. ಆತ್ಮೀಯರ ಗುಣದೋಷಗಳೆರಡನ್ನೂ ಅರಿತವನ ಪ್ರೀತಿಯೇ ಬಾಳಿಕೆ ಬರುವ ಪ್ರೀತಿ.

ಸಮುದಾಯದ ಮಾನವನ್ನು ಕಾಯುವ ಸಲುವಾಗಿ ಮಾತನ್ನು ಅಡಗಿಸುವ ಪ್ರಯತ್ನದ ಫಲವನ್ನು ಈ ಊರು ಒಮ್ಮೆ ಕಂಡಿದೆ. ‘ಸಂಸ್ಕಾರ’ ಚಿತ್ರದಿಂದ ಒಂದು ಸಮುದಾಯದ ಮನಸ್ಸಿಗೆ ನೋವಾದೀತೆಂಬ ಆತಂಕದಿಂದ ಮದರಾಸಿನ ಸೆನ್ಸಾರ್ ಅಧಿಕಾರಿಗಳು ಮೊದಲು ಅದಕ್ಕೆ ಅನುಮತಿ ನಿರಾಕರಿಸಿದರು. ಅನಂತರ ಆ ನಿರ್ಣಯ ರದ್ದಾಗಿ ಚಿತ್ರ ಬಿಡುಗಡೆಯಾಯಿತು. 1970ರ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯೂ ಅದಕ್ಕೇ ಸಂದಿತು. ನೋವಾದೀತೆಂದು ಅಂಜಿದ ಸಮುದಾಯ ಚಿತ್ರವನ್ನು ಕಂಡು ಕುಸಿದುಬೀಳಲಿಲ್ಲ. ವಾದಿಸಿತು, ಯೋಚಿಸಿತು, ಮುಂದುವರಿಯಿತು. ನಮ್ಮ ಹಜಾರಗಳಲ್ಲಿ ಸೆನ್ಸಾರ್ ಮಂಡಳಿಗಳನ್ನು ಸ್ಥಾಪಿಸಿಕೊಳ್ಳುವುದಕ್ಕೆ ಮುಂಚೆ ಈ ಪ್ರಸಂಗವನ್ನು ನೆನೆಯುವುದು ಒಳಿತು.

ಈಗ ನಮ್ಮ ಮುಖ್ಯ ಮಾತಿಗೆ ಬರುತ್ತೇವೆ. ಆ ಸಂಜೆ ನಿಜವಾಗಿ ಅಪಾಯಕ್ಕೆ ಸಿಲುಕಿದುದು ಪುಟ್ಟಣ್ಣನವರ ಹೆಸರಲ್ಲ. 1985ರ ಜೂನ್ 5ರಂದು ಅವರು ತೀರಿಕೊಂಡು ದಶಕಗಳೇ ಕಳೆದರೂ, ಅವರ ಚಿತ್ರಗಳನ್ನು ಇಂದಿಗೂ ಕುಟುಂಬಗಳು ಕೂಡಿ ನೋಡುತ್ತಿವೆಯೆಂದರೆ, ಆ ಹೆಸರು ಒಬ್ಬ ಹುಡುಗಿಯ ಮಾತಿನಿಂದ ಅಳಿಯುವಷ್ಟು ದುರ್ಬಲವಲ್ಲ. ಅಪಾಯಕ್ಕೆ ಸಿಲುಕಿದುದು ಆ ಹುಡುಗಿಯ ಕನ್ನಡ. ಅವಳು ಶಾಲೆಯಲ್ಲಿ ಕನ್ನಡವನ್ನು ಕಲಿತವಳಲ್ಲ. ಬೀದಿಯಲ್ಲಿ ತಮಿಳು, ತರಗತಿಯಲ್ಲಿ ಇಂಗ್ಲಿಷು. ಅವಳ ಕನ್ನಡ ಊಟಕ್ಕೆ ಕರೆಯುವ, ಅಜ್ಜಿಯ ಆರೋಗ್ಯ ವಿಚಾರಿಸುವ, ಹಬ್ಬದ ದಿನ ನಮಸ್ಕಾರ ಹೇಳುವ ಕನ್ನಡ. ಅಂದು ಅವಳು ಬಹುಶಃ ಮೊದಲ ಬಾರಿಗೆ ಆ ಭಾಷೆಯಲ್ಲಿ ಒಂದು ಕಲಾಕೃತಿಯ ವಿಚಾರವಾಗಿ ತನ್ನದೇ ಅಭಿಪ್ರಾಯವನ್ನು ಕಟ್ಟಲು ಯತ್ನಿಸಿದಳು; ಪದಗಳಿಗಾಗಿ ತಡಕಾಡಿದಳು; ನಾವು ಆ ಯತ್ನವನ್ನು ಅಲ್ಲಿಗೇ ನಿಲ್ಲಿಸಿದೆವು. ಅವಳು ಇಂಗ್ಲಿಷಿಗೆ ಹೊರಳಿದುದು ಕನ್ನಡದ ಮೇಲಣ ಅನಾದರದಿಂದಲ್ಲ. ಕನ್ನಡದಲ್ಲಿ ಒಪ್ಪಬಹುದೇ ಹೊರತು ಒಪ್ಪದಿರುವಂತಿಲ್ಲವೆಂದು ನಾವೇ ಅವಳಿಗೆ ತಿಳಿಸಿಕೊಟ್ಟೆವು.

ಹೊಗಳುವುದಕ್ಕೆ ಮಾತ್ರ ಬಳಕೆಯಾಗುವ ಭಾಷೆ ದೇವರಮನೆಯ ಬೆಳ್ಳಿಯ ಪಾತ್ರೆಯಂತೆ. ಅದನ್ನು ಉಜ್ಜಿ ಇಡುತ್ತಾರೆ, ಅದರಲ್ಲಿ ನಿತ್ಯದ ಅಡುಗೆ ಮಾಡುವುದಿಲ್ಲ. ಹೊರನಾಡಿನ ಮಕ್ಕಳಿಗೆ ಕನ್ನಡವನ್ನು ಉಳಿಸಿಕೊಡಬೇಕೆಂದು ನಾವು ಸಭೆಗಳಲ್ಲಿ ಹಂಬಲಿಸುತ್ತೇವೆ, ಅಕ್ಷರಾಭ್ಯಾಸದ ತರಗತಿಗಳನ್ನು ನಡೆಸುತ್ತೇವೆ, ರಾಜ್ಯೋತ್ಸವದಂದು ಹಾಡಿಸುತ್ತೇವೆ. ಇವೆಲ್ಲವೂ ಬೇಕಾದುವೇ. ಆದರೆ ಆ ಮಕ್ಕಳು ಬೆಳೆದು, ಸಿಟ್ಟಾಗುವುದಕ್ಕೂ ಸಂದೇಹಪಡುವುದಕ್ಕೂ ವಾದಿಸುವುದಕ್ಕೂ ಬೇರೊಂದು ಭಾಷೆಗೆ ಹೋಗಬೇಕಾದರೆ, ಕಲಿಸಿದ ಅಕ್ಷರಗಳು ಎಷ್ಟು ಕಾಲ ಉಳಿದಾವು? ಯಾವ ಭಾಷೆಯಲ್ಲಿ ಮನುಷ್ಯನು ಮನಬಿಚ್ಚಿ ಜಗಳವಾಡುತ್ತಾನೆಯೋ ಅದನ್ನು ಅವನು ತನ್ನದೆಂದು ತಿಳಿಯುತ್ತಾನೆ.

ಇನ್ನೂ ಒಂದು ಮಾತುಂಟು. ಕಾವೇರಿಯ ದುಃಖವನ್ನು ಕಂಡು ಸಿಟ್ಟಾದ ಹುಡುಗಿ ಪುಟ್ಟಣ್ಣನವರನ್ನು ತಿರಸ್ಕರಿಸಿದಳೆಂದು ಹೇಳಬಹುದೆ? ಚಿತ್ರ ನಮ್ಮನ್ನು ಅಳಿಸಿತು, ಅವಳನ್ನು ಕೆರಳಿಸಿತು. ಕಾವೇರಿಗೆ ಅನ್ಯಾಯವಾಯಿತೆಂದು ಆ ಹಜಾರದಲ್ಲಿ ಗಟ್ಟಿಯಾಗಿ ಹೇಳಿದವಳು ಅವಳೊಬ್ಬಳೇ. ಅರ್ಧ ಶತಮಾನಕ್ಕೂ ಹಿಂದೆ ತಯಾರಾದ ಚಿತ್ರವೊಂದು ಇಂದಿನ ಎಳೆಯ ಮನಸ್ಸನ್ನು ಹೀಗೆ ಕಲಕಬಲ್ಲುದಾದರೆ, ನಿರ್ದೇಶಕನಿಗೆ ಅದಕ್ಕಿಂತ ಹೆಚ್ಚಿನ ಸನ್ಮಾನ ಯಾವುದು? ಕಾವೇರಿಯ ಮಾತಿಗೆ ಕಿವಿಗೊಡದ ಮನೆಯವರನ್ನು ಕುರಿತ ಚಿತ್ರವನ್ನು ನೋಡಿ ಮುಗಿಸಿದ ನಾವು, ಮರುಗಳಿಗೆಯಲ್ಲಿಯೇ ಒಬ್ಬ ಹೆಣ್ಣುಮಗಳ ಮಾತಿಗೆ ಕಿವಿಗೊಡದೆ ಹೋದೆವೆಂಬುದು ಲಜ್ಜಾಸ್ಪದವಾದ ಸಂಗತಿ.

ಆದಕಾರಣ ನಮ್ಮ ಓದುಗರಲ್ಲಿ ಕೆಲವು ಸೂಚನೆಗಳನ್ನು ವಿನಯಪೂರ್ವಕವಾಗಿ ನಿವೇದಿಸಿಕೊಳ್ಳುತ್ತೇವೆ. ಇಂತಹ ಚಿತ್ರಕೂಟಗಳು ಹೆಚ್ಚಲಿ. ಚಿತ್ರ ಕಾದಂಬರಿಯಿಂದ ಬಂದುದಾದರೆ, ಹಿರಿಯರೊಬ್ಬರು ಅದರ ಒಂದೆರಡು ಪ್ರಕರಣಗಳನ್ನಾದರೂ ಮುಂಚಿತವಾಗಿ ಓದಿ ಹೇಳಲಿ. ಕನ್ನಡ ಓದಲು ಬಾರದ ಮಕ್ಕಳಿಗೂ ತ್ರಿವೇಣಿಯವರ ಮಾತಿನ ಹದ ಕಿವಿಗೆ ಬೀಳಲಿ. ಚಿತ್ರ ಮುಗಿದ ಮೇಲೆ ಅರ್ಧ ಗಂಟೆಯನ್ನು ಚರ್ಚೆಗೆಂದೇ ಮೀಸಲಿಡಲಿ. ಎಲ್ಲರಿಗಿಂತ ಕಿರಿಯರು ಮೊದಲು ಮಾತನಾಡಲಿ. ಅವರ ವ್ಯಾಕರಣಕ್ಕಾಗಲಿ, ನಡುವೆ ನುಸುಳುವ ತಮಿಳು ಮಾತಿಗಾಗಲಿ ಯಾರೂ ನಗದಿರಲಿ. ಹಿರಿಯರು ಒಪ್ಪದಿದ್ದರೆ ಕಾರಣ ಹೇಳಿ ಒಪ್ಪದಿರಲಿ, ಏಕೆಂದರೆ ಅವರ ನೆನಪಿನಲ್ಲಿ ಕಿರಿಯರಿಗೆ ದೊರೆಯದ ಸಂಪತ್ತಿದೆ. ಈ ಚಿತ್ರಗಳು ಮೊದಲು ಬಂದಾಗ ಜನ ಹೇಗೆ ನೋಡಿದರು, ಮನೆಯ ಹೆಂಗಸರು ಏನು ಮಾತನಾಡಿಕೊಂಡರು ಎಂಬುದನ್ನು ಅವರಲ್ಲದೆ ಇನ್ನಾರು ಹೇಳಬಲ್ಲರು?

ಮುಂದಿನ ತಿಂಗಳು ಅದೇ ಮನೆಯಲ್ಲಿ ‘ಎಡಕಲ್ಲು ಗುಡ್ಡದ ಮೇಲೆ’ ಚಿತ್ರವನ್ನು ನೋಡುವುದೆಂದು ನಿಶ್ಚಯವಾಗಿರುವುದಾಗಿ ಕೇಳಿದ್ದೇವೆ. ಆ ಹುಡುಗಿಯನ್ನು ಮರೆಯದೆ ಆಹ್ವಾನಿಸಬೇಕೆಂದೂ, ಅಂದು ಅವಳನ್ನು ತಡೆದ ಹಿರಿಯರೇ ಹೋಗಿ ಕರೆದರೆ ಇನ್ನೂ ಉತ್ತಮವೆಂದೂ ನಮ್ಮ ಪ್ರಾರ್ಥನೆ. ಅವಳು ಬಂದು, ಮಾಧವಿಗೆ ಸಾವು ಏಕೆ ಎಂದು ಕೇಳಿದರೆ, ಈ ಬಾರಿ ನಾವು ಮೌನವಾಗಿ ಕುಳಿತಿರುವುದಿಲ್ಲವೆಂದು ಮಾತು ಕೊಡುತ್ತೇವೆ.